ಕಂಡದ್ದನ್ನಷ್ಟೇ ಬರೆಯುವ ನಮ್ಮ ಮೈದುನ

ನಮ್ಮ ಮೈದುನನಷ್ಟು ಅಪಾಯಕಾರಿ ಮನುಷ್ಯ ಇಡೀ ಧಾರವಾಡದಲ್ಲಿ ಇನ್ನೊಬ್ಬನಿರಲಿಲ್ಲ ಎಂದರೆ ನೀವು ನಗುತ್ತೀರಿ. ನಗಿರಿ, ನಗಿರಿ! ಪೆನ್ಸಿಲ್ ಹಿಡಿದು ನಿಮ್ಮ ಚಿತ್ರವನ್ನು ಅವನು ತೆಗೆದಿಲ್ಲವಲ್ಲ, ಅದಕ್ಕೇ ನಿಮಗೆ ನಗು ಬರುತ್ತದೆ. ತೆಗೆಸಿಕೊಂಡವರನ್ನು ಕೇಳಿ ನೋಡಿ. ಅಲ್ಲ, ತೆಗೆಸಿಕೊಂಡವರು ಎನ್ನುವುದೇ ತಪ್ಪು. ಅವನ ಮುಂದೆ ಕೂತು ಚಿತ್ರ ತೆಗೆಸಿಕೊಂಡವರು ಯಾರೂ ಇರಲಿಲ್ಲ. ಎಲ್ಲರೂ ಸಿಕ್ಕಿಬಿದ್ದವರೇ! ಆಕಳಿಸುವಾಗ ಸಿಕ್ಕವರು, ಬೆನ್ನು ಕೆರೆದುಕೊಳ್ಳುವಾಗ ಸಿಕ್ಕವರು, ಹೆಂಡತಿಯ ಕಣ್ಣು ತಪ್ಪಿಸಿ ಎರಡನೆಯ ಸಲ ಉಪ್ಪಿನಕಾಯಿ ಹಾಕಿಕೊಳ್ಳುವಾಗ ಸಿಕ್ಕವರು.

ನಾನು ಅವನ ವೈನಿ, ಎಂದರೆ ಅತ್ತಿಗೆ. ವಯಸ್ಸಿನಲ್ಲಿ ಅವನು ನನಗಿಂತ ಮೂರು ವರ್ಷ ದೊಡ್ಡವನು. ಹಾಗಾಗಿ ಎದುರಿಗೆ ‘ರೀ’ ಹಚ್ಚಿಯೇ ಮಾತಾಡುತ್ತಿದ್ದೆ. ಇಲ್ಲಿ ಬರೆಯುವಾಗ ಮಾತ್ರ ಏಕವಚನ. ಇಷ್ಟು ಕಾಟ ಕೊಟ್ಟವನಿಗೆ ಬಹುವಚನ ಬೇರೆ ಕೇಡು! ಊರಿಗೆಲ್ಲ ಬೇಡವೆಂದರೂ ಚಿತ್ರ ತೆಗೆದ ಈ ಮಹಾರಾಯನ ಹತ್ತಿರ ನಮ್ಮ ಅತ್ತೆಯವರು, ಅವನ ಹಡೆದ ತಾಯಿ, ಒಂದೇ ಒಂದು ಚಿತ್ರ ಬೇಕೆಂದು ಬಾಯಿಬಿಟ್ಟು ಕೇಳಿದರು. ಅದೊಂದು ಅವನ ಕೈಯಲ್ಲಿ ಆಗಲೊಲ್ಲದು. ಆ ಸಂಗತಿ ಹೇಳಬೇಕೆಂದೇ ಕೂತಿದ್ದೇನೆ. ಆದರೆ ಮೊದಲು ಅವನ ಹಟ ಎಂಥದೆಂದು ನಿಮಗೆ ತಿಳಿಯಬೇಕು.

ಅವನಿಗೆ ಚಿತ್ರ ಕಲಿಸಿದವರು ಯಾರೂ ಇಲ್ಲ. ಹುಬ್ಬಳ್ಳಿ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಕಾರಕೂನ. ದಿನಾ ಮುಂಜಾನೆ ಧಾರವಾಡದಿಂದ ರೈಲಿನಲ್ಲಿ ಹೋಗಿ, ಸಂಜೆಯ ರೈಲಿಗೆ ಮರಳುತ್ತಿದ್ದ. ಎದುರಿನ ಬಾಕಿನ ಮೇಲೆ ಯಾರು ಕೂತರೋ ಅವರೇ ಅವನ ಪಾಠ. ರೈಲು ಅಲುಗಾಡುವುದರಿಂದ ಅವನ ಗೆರೆಗಳಿಗೆಲ್ಲ ಸ್ವಲ್ಪ ನಡುಕ. ಎಂಥ ಪೈಲವಾನನೂ ಅವನ ಚಿತ್ರದಲ್ಲಿ ಚಳಿಜ್ವರ ಬಂದವನಂತೆ ಕಾಣುತ್ತಿದ್ದ! ಕಾಗದಕ್ಕಂತೂ ಹೇಸಿದವನಲ್ಲ. ಹರಿದ ಪಾರ್ಸೆಲ್ ಚೀಟಿ, ಲಗ್ನಪತ್ರಿಕೆಯ ಹಿಂಬದಿ, ಸಕ್ಕರೆ ಕಟ್ಟಿಕೊಟ್ಟ ಪೊಟ್ಟಣ, ಏನು ಸಿಕ್ಕರೂ ಆಯಿತು. ನಮ್ಮನೆಯವರು ಸಾಲೆಯ ಮಾಸ್ತರರು. ಒಮ್ಮೆ ಅವರು ತಿದ್ದಲು ತಂದಿಟ್ಟ ಪರೀಕ್ಷೆಯ ಪೇಪರಿನ ಬೆನ್ನಿಗೆ, ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ ಅವರದೇ ಚಿತ್ರ ಮೂಡಿತ್ತು. ನೋಡದೆ ಹಂಚಿಬಿಟ್ಟರು! ಆ ಪೇಪರು ಇಡೀ ವರ್ಗದಲ್ಲಿ ಮೆರವಣಿಗೆ ಮಾಡಿತು. ಅಣ್ಣ ಮನೆಗೆ ಬಂದು ಹಾರಾಡಿದರೆ ತಮ್ಮ ಕೇಳಿದ್ದು ಒಂದೇ ಮಾತು: “ಮೂಗು ಬರೋಬ್ಬರಿ ಬಂದಿತ್ತಿಲ್ಲೋ?”

ನನ್ನ ಗತಿ ಕೇಳಿರಿ. ಲಗ್ನವಾಗಿ ಈ ಮನೆಗೆ ಬಂದು ನಾಲ್ಕನೆಯ ದಿನ. ತವರಿನಲ್ಲಿ ಮುದ್ದಿನಿಂದ ಬೆಳೆದವಳು ನಾನು, ಹಸಿ ಕಟ್ಟಿಗೆ ಹೇಗೆ ಉರಿಸಬೇಕೆಂದು ಯಾರು ಕಲಿಸಿದ್ದರು? ಒಲೆಯ ಮುಂದೆ ಕೂತು ಊದುತ್ತಿದ್ದೆ. ಹೊಗೆಗೆ ಕಣ್ಣು ಮೂಗು ಎಲ್ಲ ಸುರಿಯುತ್ತಿತ್ತು. ಇವನು ಬಾಗಿಲ ಮರೆಯಲ್ಲಿ ನಿಂತು ಅದನ್ನು ಇಳಿಸಿಕೊಂಡ. ಇಳಿಸಿಕೊಂಡರೆ ಇಳಿಸಿಕೊಳ್ಳಲಿ, ಗದಗಿನ ನಮ್ಮಪ್ಪನಿಗೆ ನಾನು ‘ಸುಖವಾಗಿದ್ದೇನೆ’ ಎಂದು ಬರೆದ ಕಾಗದವನ್ನು ಟಪಾಲಿಗೆ ಹಾಕಲು ಅವನ ಕೈಯಲ್ಲೇ ಕೊಟ್ಟಿದ್ದೆ ನೋಡಿ! ಪಾಪ, ಮಗಳನ್ನು ನೋಡಿ ಹಿರಿಯರಿಗೆ ಸಂತೋಷವಾಗಲಿ ಎಂದು ಆ ಚಿತ್ರವನ್ನೂ ಲಕೋಟೆಯೊಳಗೆ ಇಟ್ಟ. ಮೂರನೆಯ ದಿನ ಮಧ್ಯಾಹ್ನ ನಮ್ಮಪ್ಪ ಬೆವರು ಸುರಿಸುತ್ತ ಬಾಗಿಲಲ್ಲಿ ನಿಂತಿದ್ದರು. “ನಡೀ ಮಗಳ, ಮನೀಗೆ! ನಾಕ ದಿನದಾಗ ಅಳಸ್ಯಾರಂದ್ರ ನಾಕ ವರ್ಷದಾಗ ಏನ ಮಾಡ್ಯಾರು!” ಆಗ ನಾನೇನು ಮಾಡುತ್ತಿದ್ದೆ ಗೊತ್ತೇ? ಅತ್ತೆಯವರು ಬಲವಂತದಿಂದ ಬಡಿಸಿದ ಮೂರನೆಯ ಹೋಳಿಗೆ ತಿನ್ನುತ್ತಿದ್ದೆ. ಅಪ್ಪನಿಗೆ ಅರ್ಥವಾಗಿಸಲು ಹಸಿ ಕಟ್ಟಿಗೆ ತಂದು ಒಲೆ ಹಚ್ಚಿ ತೋರಿಸಬೇಕಾಯಿತು.

ಅವನ ಹಟ ಇಷ್ಟೇ. ಸುಮ್ಮನೆ ಕೂತವರ ಚಿತ್ರ ಅವನಿಗೆ ಬೇಡ. ಮನುಷ್ಯ ಏನಾದರೂ ಮಾಡುತ್ತಿರಬೇಕು. ನಮ್ಮ ಓಣಿಯ ವಕೀಲರು ಒಮ್ಮೆ ಜರಿ ರುಮಾಲು ಸುತ್ತಿ, ಕೋಟಿನ ಗುಂಡಿಗಳನ್ನೆಲ್ಲ ಹಾಕಿ, ಕೈಯಲ್ಲಿ ದಪ್ಪ ಕಾಯ್ದೆ ಪುಸ್ತಕ ಹಿಡಿದು, “ಹಾಂ, ನಡೀಲಿ” ಎಂದು ಕೂತರು. ಇವನು ಪೆನ್ಸಿಲ್ ಹಿಡಿದು ಒಂದು ತಾಸು ಸುಮ್ಮನೆ ನೋಡುತ್ತ ಕೂತ.

“ಯಾಕೋ, ಚಾಲೂ ಮಾಡವಲ್ಲಿ?”

“ನೀವು ಏನರ ಚಾಲೂ ಮಾಡಿದ್ರ ನಾನೂ ಮಾಡತೇನಿ, ವಕೀಲರ. ಹಿಂಗ ಕೂತ್ರ ಇದ್ರಾಗ ನೀವು ಎಲ್ಲಿದ್ದೀರಿ ಅಂತ ನನಗ ತಿಳೀವಲ್ದು.”

ಅಷ್ಟರಲ್ಲಿ ಒಳಗಿನಿಂದ ಬಿಸಿ ಮೆಣಸಿನಕಾಯಿ ಭಜಿ ಬಂತು. ವಕೀಲರು ಒಂದನ್ನು ಬಾಯಿಗೆ ಹಾಕಿಕೊಂಡರು. ಖಾರ ನೆತ್ತಿಗೇರಿತು. ರುಮಾಲು ವಾಲಿತು, ಕಣ್ಣಲ್ಲಿ ನೀರು ಬಂತು, ಬಾಯಿ ‘ಹಾ ಹಾ’ ಎಂದಿತು, ಕಾಯ್ದೆ ಪುಸ್ತಕ ಬೀಸಣಿಕೆಯಾಯಿತು. ಇವನ ಪೆನ್ಸಿಲ್ ಓಡಿತು! ಚಿತ್ರ ನೋಡಿ ವಕೀಲರು ಹರಿದು ಒಗಿ ಎಂದರು. ಅವರ ಹೆಂಡತಿ ಮಾತ್ರ ಕಸಿದುಕೊಂಡು, “ಅಯ್ಯ, ಥೇಟ್ ಇವ್ರೇ! ಇಷ್ಟು ವರ್ಷ ನಾ ನೋಡಿದ್ದು ಇವ್ರನ್ನ!” ಎಂದು ಅಡಿಗೆಮನೆಯ ಗೋಡೆಗೆ ಅಂಟಿಸಿದರು.

ಇವನಿಗೆ ಕನ್ಯೆ ನೋಡಲು ಹೋದಾಗಲೂ ಇದೇ ಕಥೆ. ಹುಡುಗಿ ಪಾಪ ಅಲಂಕಾರ ಮಾಡಿಕೊಂಡು ಚಾಪೆಯ ಮೇಲೆ ಅಲುಗಾಡದೆ ಕೂತಿದ್ದಳು. ಇವನು ಮೂಲೆಯಲ್ಲಿ ತೊಡೆಯ ಮೇಲೆ ಹೂಬತ್ತಿ ಹೊಸೆಯುತ್ತಿದ್ದ ಅವಳ ಅಜ್ಜಿಯನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿ ಚಿತ್ರ ತೆಗೆದುಕೊಂಡು ಬಂದ. ‘ಹುಡುಗಗ ಹುಡುಗಿ ಬಿಟ್ಟು ಅಜ್ಜಿ ಪಸಂದ ಬಂದಾಳಂತ’ ಎಂದು ಊರೆಲ್ಲ ನಕ್ಕಿತು. ಆಮೇಲೆ ಎರಡು ವರ್ಷ ಅವನಿಗೆ ಯಾರೂ ಕನ್ಯೆ ತೋರಿಸಲಿಲ್ಲ.

ಇನ್ನೊಂದು ಹಟ ಇದಕ್ಕಿಂತ ಗಟ್ಟಿ. ಕಣ್ಣಾರೆ ಕಾಣದ್ದನ್ನು ಅವನು ಬರೆಯಲೊಲ್ಲ. ಅತ್ತೆಯವರು ಒಮ್ಮೆ ದೇವರ ಕೋಣೆಗೆ ಕೃಷ್ಣನ ಚಿತ್ರ ಬೇಕೆಂದರು.

“ಅವ್ವಾ, ನಾ ಕೃಷ್ಣನ್ನ ನೋಡಿಲ್ಲ.”

“ಯಾರ ನೋಡ್ಯಾರೋ?”

“ಅದಕ್ಕ ಅಂತೇನಿ. ನೋಡಿದವರು ಸಿಕ್ರ ಅವರ ಕಡೆ ಬರಸು.”

ಅತ್ತೆಯವರು ಸಿಟ್ಟಿನಿಂದ ಎರಡು ದಿನ ಮಾತು ಬಿಟ್ಟರು. ನಿಜ ಹೇಳಬೇಕೆಂದರೆ ಅವನಿಗೆ ಎಲ್ಲರಿಗಿಂತ ಹೆಚ್ಚು ಬರೆಯಬೇಕೆನಿಸಿದ್ದು ಅತ್ತೆಯವರನ್ನೇ. ಆದರೆ ಅವರು ಸಿಗುತ್ತಿರಲಿಲ್ಲ. ಮಾವನವರು ತೀರಿದ ಮೇಲೆ ಆ ಕಾಲದ ಪದ್ಧತಿಯಂತೆ ತಲೆ ಬೋಳಿಸಿ, ಕೆಂಪು ಸೀರೆಯ ಸೆರಗು ಹೊದಿಸಿ ಕೂರಿಸಿದ್ದರು. ಮಗನ ಕೈಯಲ್ಲಿ ಪೆನ್ಸಿಲ್ ಕಂಡರೆ ಸಾಕು, “ನನ್ನ ಈ ತಲಿ ಏನ ಬರೀತಿಯೋ, ನಡಿ ಅತ್ತಾಗ” ಎಂದು ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಅಷ್ಟು ಮಾತಾಡುವ ಹೆಂಗಸು ಆ ಒಂದು ಮಾತನ್ನು ಮಾತ್ರ ಸಣ್ಣ ದನಿಯಲ್ಲಿ ಆಡುತ್ತಿದ್ದರು.

ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಗಂಡನ ಮನೆಯಿಂದ ಮಗಳನ್ನು ಕರೆತಂದು, ಜೋಕಾಲಿ ಕಟ್ಟಿ, ಬಗೆಬಗೆಯ ಉಂಡಿ ಮಾಡಿ ತಿನ್ನಿಸಬೇಕು. ಓಣಿಯ ಎಲ್ಲ ಮನೆಗಳಿಗೂ ಮಗಳಂದಿರು ಬಂದು ಇಳಿಯುತ್ತಿದ್ದರು. ಅತ್ತೆಯವರು ಕಟ್ಟೆಯ ಮೇಲೆ ಕೂತು ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ನಮ್ಮ ಮನೆಗೆ ಬರುವವರು ಯಾರೂ ಇರಲಿಲ್ಲ. ಬರಬೇಕಾದವಳು ಒಬ್ಬಳಿದ್ದಳು, ಚಂಪಿ. ಅತ್ತೆಯವರ ಮೊದಲ ಕೂಸು. ಎಂಟು ವರ್ಷದವಳಿದ್ದಾಗ ಊರಿಗೆ ಪ್ಲೇಗು ಬಂತು. ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡು ಕೂತರು. ಆ ಗುಡಿಸಲಿನಲ್ಲೇ ಚಂಪಿ ಹೋದಳು. ಅವಳ ಬಟ್ಟೆಬರೆಯನ್ನೆಲ್ಲ ಸುಟ್ಟರು. ಫೋಟೋ ತೆಗೆಸುವ ಮಾತು ಆಗ ಯಾರ ಮನೆಯಲ್ಲಿತ್ತು? ನಮ್ಮನೆಯವರಿಗೆ ನಾಲ್ಕು ವರ್ಷ. ನಮ್ಮ ಮೈದುನ ಇನ್ನೂ ಹೊಟ್ಟೆಯಲ್ಲಿದ್ದ.

ನಾನು ಬಂದ ಮೂರನೆಯ ವರ್ಷ, ಆಷಾಢದಲ್ಲಿ ಒಂದು ರವಿವಾರ. ಗಂಡಸರು ಊಟಕ್ಕೆ ಕೂತಿದ್ದರು. ಅತ್ತೆಯವರು ತುಪ್ಪ ಬಡಿಸುತ್ತ ಬಡಿಸುತ್ತ ಮಗನ ಮುಂದೆ ನಿಂತರು.

“ತಮ್ಮಾ, ಊರ ಮಂದೀದೆಲ್ಲಾ ಚಿತ್ರ ತಗೀತಿ. ನಮ್ಮ ಚಂಪೀದೊಂದು ತಗಿಯೋ. ಪಂಚಮಿಗೆ ಎಲ್ಲಾರ ಮನೀ ಮಗಳೂ ಬರ್ತಾಳ. ನನ್ನ ಮಗಳು ಕಾಗದದಾಗರ ಬರ್ಲಿ.”

ಇವನು ತುತ್ತು ಕೈಯಲ್ಲಿ ಹಿಡಿದುಕೊಂಡೇ ಹೇಳಿದ, “ಅವ್ವಾ, ನಾ ಅಕಿನ್ನ ನೋಡಿಲ್ಲ.”

“ನಾ ನೋಡೇನಲ್ಲೋ! ನಾ ಹೇಳತೇನಿ, ನೀ ಬರಿ.”

ಕೃಷ್ಣನ ಮಾತಿಗೆ ಹೇಳಿದ ಉತ್ತರವನ್ನು ಇಲ್ಲಿ ಹೇಳುವ ಧೈರ್ಯ ಅವನಿಗಾಗಲಿಲ್ಲ. ಅರ್ಧ ಊಟಕ್ಕೆ ಎದ್ದು ಹೋದ. ಸಂಜೆ ಬಂದಾಗ ಕಿಸೆಯಲ್ಲಿ ಹೆರೆದ ಪೆನ್ಸಿಲ್ಲುಗಳ ಕಟ್ಟು, ಮುಖದ ಮೇಲೆ ಯುದ್ಧಕ್ಕೆ ಹೊರಟವನ ಕಳೆ.

“ಹೇಳವ್ವಾ. ಅಕಿ ಮೂಗು ಯಾರ ಮೂಗು ಇದ್ದಂಗಿತ್ತು? ನಾ ಹೋಗಿ ಆ ಮೂಗು ನೋಡಿ ಬರತೇನಿ. ಒಂದೊಂದ ನೋಡಿ ಒಂದೊಂದ ಬರೀತೇನಿ.”

ಹಟವೂ ಉಳಿಯಬೇಕು, ಅವ್ವನ ಮಾತೂ ನಡೆಯಬೇಕು! ಮೊದಲು ಅಣ್ಣನನ್ನು ಕೇಳಿದ. ಚಂಪಿಯನ್ನು ಕಂಡವರು ಮನೆಯಲ್ಲಿ ಇನ್ನೊಬ್ಬರೆಂದರೆ ಅವರೇ ತಾನೆ? ನಮ್ಮನೆಯವರು ಕಣ್ಣು ಮುಚ್ಚಿ ಬಹಳ ಹೊತ್ತು ವಿಚಾರ ಮಾಡಿ ಹೇಳಿದರು: “ದಿನಾ ನನ್ನ ಬೆನ್ನಿಗೆ ಗುದ್ದತಿದ್ಲು. ಮಾರಿ ನೆನಪಿಲ್ಲ. ಮುಷ್ಟಿ ನೆನಪದ.”

ಮುಖದ ಮಾತು ಬಂದರೆ ಅತ್ತೆಯವರು ಮಾತ್ರ ತಡವರಿಸಲಿಲ್ಲ. ಮೂಗೇ? ತುಪ್ಪದ ಅಂಗಡಿಯ ಮುದುಕಪ್ಪನದು, ಥೇಟ್. ಕಣ್ಣೇ? ಕಲಾಯಿ ಹಾಕುವ ಹುಸೇನಸಾಬನ ಮನೆಯ ಆಡಿನ ಮರಿಯದು. ಕಿವಿಯೇ? ಪೊಲೀಸ್ ಚೌಕಿಯ ಹೊಸ ಫೌಜದಾರನದು. ಮೊನ್ನೆ ಕುದುರೆಯ ಮೇಲೆ ಹೋಗುವಾಗ ನೋಡಿದೆನಲ್ಲ! ಕೇಳುತ್ತಿದ್ದ ನಾನು ಸೆರಗು ಬಾಯಿಗೆ ಹಿಡಿದುಕೊಂಡೆ. ಎಂಟು ವರ್ಷದ ಹುಡುಗಿಯ ಮುಖವೊಂದು ಹೀಗೆ ಊರ ತುಂಬ ಚೆಲ್ಲಿಕೊಂಡಿರುವುದನ್ನು ನೀವೆಲ್ಲಾದರೂ ಕೇಳಿದ್ದೀರಾ?

ಮುದುಕಪ್ಪನಿಗೆ ಎಪ್ಪತ್ತು ದಾಟಿತ್ತು. ನಶ್ಯ ಏರಿಸುವ ಚಟ. ಇವನು ಅಂಗಡಿಯೆದುರು ಕೂತು ಮೂಗು ಬರೆಯತೊಡಗಿದರೆ ಅದು ಒಂದು ಗಳಿಗೆ ನಿಲ್ಲಲೊಲ್ಲದು. ಎರಡು ಗೆರೆ ಎಳೆಯುವಷ್ಟರಲ್ಲಿ ‘ಆಕ್ಷೀ!’ ಕೊನೆಗೆ ಮುದುಕಪ್ಪನಿಗೇ ಸಂಶಯ ಬಂತು.

“ನನ್ನ ಮೂಗು ಯಾಕ ಬೇಕ್ರಿ ರಾಯರ?”

“ನಮ್ಮ ಅಕ್ಕಗ.”

“ಯಾಕ್ರಿ, ಅವರಿಗೆ ಮೂಗಿಲ್ಲೇನ್ರಿ?”

ಆ ಮೂಗನ್ನು ಕಿಸೆಯಲ್ಲಿಟ್ಟುಕೊಂಡು ಹುಸೇನಸಾಬನ ಕಡೆಗೆ ಹೋದ. ಹುಸೇನಸಾಬ ನಮ್ಮ ಓಣಿಯ ತಾಮ್ರ ಹಿತ್ತಾಳೆಗೆಲ್ಲ ಕಲಾಯಿ ಹಾಕುವವನು. ದೊಡ್ಡ ಪಾತೇಲಿಯೊಳಗೆ ಉಸುಕು ಹಾಕಿ, ತಾನೇ ಅದರಲ್ಲಿ ನಿಂತು, ಗೋಡೆ ಹಿಡಿದು ಸೊಂಟ ತಿರುವಿ ತಿರುವಿ ಪಾದದಿಂದಲೇ ತಿಕ್ಕುತ್ತಿದ್ದ. ಮೈದುನ ಅವನನ್ನು ಎಷ್ಟು ಸಲ ಬರೆದಿದ್ದನೋ ಲೆಕ್ಕವಿಲ್ಲ. ಅವನ ಬಾಯಿಯೂ ಕಮ್ಮಿಯದಲ್ಲ. “ನಾ ಪಾತೇಲಿ ತಿಕ್ಕತೇನ್ರಿ, ನೀವು ಕಾಗದ ತಿಕ್ಕತೀರಿ. ನಂದರ ಹೊಳೀತೈತ್ರಿ ರಾಯರ!” ಎನ್ನುತ್ತಿದ್ದ. ಈ ದಿನ ಮರಿಯ ಕಣ್ಣು ಬೇಕೆಂದು ಕೇಳಿದಾಗ ಅವನು ಮರಿಯನ್ನು ಹಿಡಿದುಕೊಂಡು ಎದುರಿಗೆ ಕೂತ. ಮರಿ ಬಹಳ ಒಳ್ಳೆಯದು, ಅಲುಗಾಡಲಿಲ್ಲ. ಒಂದು ಕಣ್ಣು ಮುಗಿದು ಎರಡನೆಯದು ಶುರುವಾಗುವಾಗ ಬಾಯಿಯಲ್ಲಿ ಏನೋ ಆಡಿಸುತ್ತಿರುವುದು ಕಂಡಿತು. ಹುಸೇನಸಾಬ ಕೂಗಿದ, “ರಾಯರ, ನಿಮ್ಮ ಅಕ್ಕಾರ ಮೂಗು ತಿಂತ್ರಿ!” ಮರುದಿನ ಮತ್ತೆ ಮುದುಕಪ್ಪನ ಅಂಗಡಿ, ಮತ್ತೆ ‘ಆಕ್ಷೀ!’

ಆದರೆ ಯಾರ ಸಲುವಾಗಿ ಈ ಕಣ್ಣು ಎಂದು ತಿಳಿದಾಗ ಹುಸೇನಸಾಬ ನಗುವುದನ್ನು ಬಿಟ್ಟ. ಸಂಜೆ ಮರಿಯನ್ನು ಎತ್ತಿಕೊಂಡು ತಾನೇ ನಮ್ಮ ಅಂಗಳಕ್ಕೆ ಬಂದು ನಿಂತು, “ಅಮ್ಮಾರ, ಕಣ್ಣು ಇವ ಹೌದೋ ಅಲ್ಲೋ ನೀವ ಒಮ್ಮಿ ನೋಡ್ರಿ” ಎಂದ. ಅತ್ತೆಯವರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. “ಹೌದಪ್ಪ, ಇವ” ಎಂದರು. ಹಾಗೆನ್ನುವಾಗ ಅವರ ದನಿ ಯಾಕೋ ಗಟ್ಟಿಯಿರಲಿಲ್ಲ. ನಾನು ಮರಿಯ ಕಡೆ ನೋಡುತ್ತಿದ್ದೆ, ಅವರ ಕಡೆ ನೋಡಲಿಲ್ಲ.

ಉಳಿದದ್ದು ಫೌಜದಾರರ ಕಿವಿ. ಅದು ಸ್ವಾತಂತ್ರ್ಯ ಚಳವಳಿಯ ಕಾಲ. ಎರಡು ದಿನಕ್ಕೊಮ್ಮೆ ಊರಲ್ಲಿ ಪ್ರಭಾತಫೇರಿ, ಘೋಷಣೆ, ಹಿಡಿಯುವುದು, ಬಿಡುವುದು. ಅಂಥದರಲ್ಲಿ ಒಬ್ಬ ಮನುಷ್ಯ ಪೊಲೀಸ್ ಚೌಕಿಯ ಎದುರಿನ ಬೇವಿನ ಮರದ ಮರೆಯಲ್ಲಿ ನಿಂತು ಫೌಜದಾರರನ್ನೇ ನೋಡಿ ನೋಡಿ ಏನೋ ಬರೆದುಕೊಳ್ಳುತ್ತಿದ್ದರೆ ಬಿಡುತ್ತಾರೆಯೇ? ಕುತ್ತಿಗೆ ಹಿಡಿದು ಒಳಗೆ ಒಯ್ದರು. ವಹಿಯನ್ನು ಕಸಿದು ನೋಡಿದರೆ ಒಂದು ಹಾಳೆಯಲ್ಲಿ ಬರೀ ಮೂಗು. ಇನ್ನೊಂದರಲ್ಲಿ ಬರೀ ಆಡಿನ ಕಣ್ಣು. ಮೂರನೆಯದರಲ್ಲಿ ಅರ್ಧ ಕಿವಿ.

ನಮ್ಮನೆಯವರು ಸುದ್ದಿ ತಿಳಿದು ಓಡಿಹೋದಾಗ ವಿಚಾರಣೆ ನಡೆದಿತ್ತಂತೆ.

“ಖರೇ ಹೇಳು. ಇದು ನಿಮ್ಮ ಮಂದಿ ಗುಪ್ತ ಗುರ್ತು. ಮೂಗು ಅಂದ್ರ ಯಾರು?”

“ತುಪ್ಪದ ಮುದುಕಪ್ಪರಿ.”

“ಆಡಂದ್ರ?”

“ಆಡಂದ್ರ ಆಡರಿ.”

“ಈ ಕಿವಿ?”

“ನಿಮ್ಮದರಿ. ಇನ್ನೂ ಮುಗಿದಿಲ್ಲರಿ.”

ಫೌಜದಾರರು ಹಾಳೆ ತಿರುವುತ್ತ ಹೋದರು. ನಡುವೆ ಅವರದೇ ಚೌಕಿಯ ಹವಾಲದಾರ, ಲಾಠಿಯನ್ನು ಮಗುವಿನಂತೆ ತಬ್ಬಿಕೊಂಡು ಕಟ್ಟೆಯ ಮೇಲೆ ಗೊರಕೆ ಹೊಡೆಯುವ ಚಿತ್ರ. ಬಾಗಿಲಲ್ಲಿ ನಿಂತ ಹವಾಲದಾರನನ್ನೊಮ್ಮೆ ನೋಡಿದರು, ಚಿತ್ರವನ್ನೊಮ್ಮೆ ನೋಡಿದರು. ಹವಾಲದಾರ ಗೋಡೆ ನೋಡಿದ. ಆಗ ನಮ್ಮನೆಯವರು ಮುಂದೆ ಬಂದು, ಅವ್ವ, ಚಂಪಿ, ಪಂಚಮಿ ಎಲ್ಲವನ್ನೂ ನಾಚಿಕೊಳ್ಳುತ್ತ ಹೇಳಿ ಕೈ ಮುಗಿದರು. ಫೌಜದಾರರು ತಲೆಯ ಮೇಲಿನ ಪಗಡಿ ತೆಗೆದು ಮೇಜಿನ ಮೇಲಿಟ್ಟು, ಕುರ್ಚಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡು ಕೂತರಂತೆ. “ಲಗೂ ಮುಗಸ್ರಿ. ಯಾರರ ಬಂದಾರು.”

ಪಂಚಮಿಗೆ ಇನ್ನು ಮೂರು ದಿನ. ಅಂತೂ ಎಲ್ಲ ಕೂಡಿಸಿ ಒಂದು ದೊಡ್ಡ ಹಾಳೆಯ ಮೇಲೆ ಮುಖ ಬರೆದು ತಂದು, ಪಡಸಾಲೆಯಲ್ಲಿ ಅತ್ತೆಯವರ ಮುಂದೆ ಹಿಡಿದ. ನಾವೆಲ್ಲ ಸುತ್ತ ನಿಂತೆವು. ಮೂಗು ಬರೋಬ್ಬರಿ ಮುದುಕಪ್ಪನದು, ಇನ್ನೇನು ಸೀನಬೇಕು. ಕಣ್ಣು ನೋಡಿದರೆ ಮ್ಯಾ ಎನ್ನಬೇಕು. ಕಿವಿಗಳಂತೂ ಸರಕಾರದ ಕಿವಿಗಳು! ಕೊನೆಗೆ ನಮ್ಮನೆಯವರೇ ಮೆಲ್ಲಗೆ ಅಂದರು: “ಆಡಿನ ಮರೀನ್ನ ಪೊಲೀಸ ಖಾತ್ಯಾಗ ಭರತಿ ಮಾಡಿದಂಗ ಕಾಣತದಲ್ಲೋ.”

ಮೊದಲು ನಕ್ಕವರು ಅತ್ತೆಯವರು. ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಸೆರಗು ಜಾರಿದ್ದೂ ತಿಳಿಯದೆ ನಕ್ಕರು. ನಾವೂ ನಕ್ಕೆವು, ಮೈದುನನೂ ನಕ್ಕ. ನಗುತ್ತ ನಗುತ್ತ ಅತ್ತೆಯವರು ನೆಲಕ್ಕೆ ಕುಸಿದು ಕೂತರು. ಆಗ ನೋಡಿದೆ, ಅದು ನಗುವಾಗಿ ಉಳಿದಿರಲಿಲ್ಲ.

“ನಿಂದೇನೂ ತಪ್ಪಿಲ್ಲೋ ತಮ್ಮಾ” ಎಂದರು. “ನನಗ ಅಕಿ ಮಾರಿ ನೆನಪಿಲ್ಲ. ಮೂಗು ಅಂದಿ, ಕಣ್ಣು ಅಂದಿ, ಬಾಯಿಗೆ ಬಂದದ್ದ ಹೇಳಿದೆ. ಹಡದಾಕಿ ನಾನು. ನೆನಪಿಲ್ಲಂತ ಹೆಂಗ ಹೇಳಲೋ? ಮೊದಲ ಕಣ್ಣು ಮುಚ್ಚಿದ್ರ ಬರತಿದ್ಲು. ಈಗ ಬರವಲ್ಲಳು. ನೀ ಬರದ್ರರ ನನಗ ನೆನಪಾದೀತು ಅಂತ ಮಾಡಿದ್ದೆ.”

ಮೈದುನ ಆ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡ. ಎರಡು ದಿನ ರೈಲಿನಲ್ಲಿ ಅವನು ಪೆನ್ಸಿಲ್ ಮುಟ್ಟಲಿಲ್ಲವಂತೆ. ಜೊತೆಯವರು ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದರಂತೆ.

ಪಂಚಮಿಯ ದಿನ ಬಂತು. ನನ್ನನ್ನು ಕರೆದೊಯ್ಯಲು ಗದಗಿನಿಂದ ನನ್ನ ತಮ್ಮ ಮಧ್ಯಾಹ್ನದ ರೈಲಿಗೆ ಬರುವವನಿದ್ದ. ನನ್ನ ಗಂಟು ಕಟ್ಟಿ ಆಗಿತ್ತು. ಓಣಿಯಲ್ಲೆಲ್ಲ ಜೋಕಾಲಿಯ ಕಿರ್ರು ಕಿರ್ರು ಸಪ್ಪಳ, ಹುಡುಗಿಯರ ಕೇಕೆ. ಅತ್ತೆಯವರು ಮುಂಬಾಗಿಲ ಕಟ್ಟೆಗೆ ಹೋಗದೆ ಹಿತ್ತಲಿನ ಪಾವಟಿಗೆಯ, ಎಂದರೆ ಮೆಟ್ಟಿಲ, ಮೇಲೆ ಬಂದು ಕೂತಿದ್ದರು. ಮೈದುನ ಬಾವಿಯ ಕಟ್ಟೆಯ ಮೇಲೆ ಕೂತಿದ್ದ. ನಾನು ಒಳಬಾಗಿಲಲ್ಲಿ ಉಂಡಿಗಳನ್ನು ಡಬ್ಬಿಗೆ ತುಂಬುತ್ತಿದ್ದೆ.

“ಅವ್ವಾ” ಎಂದ ಅವನು, “ಮಾರಿ ಬಿಡು. ಅಕಿ ಜೋಡಿ ನೀ ಏನೇನ ಮಾಡತಿದ್ದಿ?”

“ಏನ ಮಾಡೂದೋ? ಉಣಸೂದು, ಎರಿಯೂದು, ಹೆರಳು ಹಾಕೂದು. ಹೆರಳಿಗಂತೂ ಸುಮ್ನ ಕೂಡತಿದ್ದಿಲ್ಲ. ಈ ಪಾವಟಿಗಿ ಮ್ಯಾಲನ ಕೂಡಿಸಿ, ಮೊಣಕಾಲಾಗ ಒತ್ತಿ ಹಿಡಕೋಬೇಕು.”

“ಹೆಂಗ?”

“ಹಿಂಗ” ಎಂದರು ಅತ್ತೆಯವರು. ಎರಡೂ ಮೊಣಕಾಲುಗಳನ್ನು ಅಗಲಿಸಿ, ಆಮೇಲೆ ಮೆಲ್ಲಗೆ ಹತ್ತಿರ ತಂದರು. ಎರಡೂ ಕೈ ಮುಂದೆ ಚಾಚಿದರು. “ಮೊದಲ ಬೈತಲಿ ತಗೀಬೇಕು. ಆಮ್ಯಾಲ ಮೂರು ಕಾಲು ಮಾಡಬೇಕು...”

ಬೆರಳುಗಳು ಗಾಳಿಯಲ್ಲಿ ಮೂರು ಎಳೆ ಹಿಡಿದವು. ಎಡದ್ದು ನಡುವಿಗೆ, ಬಲದ್ದು ನಡುವಿಗೆ. ಪ್ರತಿ ಸಲ ಒಂದು ಸಣ್ಣ ಜಗ್ಗು. ಮೊದಮೊದಲು ನಮಗೆ ತೋರಿಸಲೆಂದು ಮಾಡುತ್ತಿದ್ದವರು ಯಾವಾಗಲೋ ನಮ್ಮನ್ನು ಮರೆತರು, ತಲೆಯ ಸೆರಗು ಜಾರಿದ್ದನ್ನೂ ಮರೆತರು. ಜಡೆಯ ತುದಿಗೆ ಕಟ್ಟುವ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದವರಂತೆ ತುಟಿ ಬಿಗಿದಿದ್ದರು. ಆ ಬಿಗಿದ ತುಟಿಯ ಸಂದಿನಿಂದಲೇ, “ಅಲಗ್ಯಾಡಬ್ಯಾಡ. ಆತು, ಆತು, ಇನ್ನೊಂದೀಟ” ಎಂದರು. ತಲೆಯಲ್ಲಿ ಒಂದು ಕೂದಲಿಲ್ಲದ ಆ ಮುದುಕಿ ಅಷ್ಟುದ್ದದ ಜಡೆಯನ್ನು ಒಂದೆಳೆ ತಪ್ಪದೆ ಹೆಣೆದು ಮುಗಿಸಿದರು. ದಾರ ಸುತ್ತಿದರು, ಗಂಟು ಹಾಕಿದರು. ಮೊಣಕಾಲು ಸಡಿಲಿಸಿ, ಅಂಗೈಯಿಂದ ಗಾಳಿಯನ್ನು ಮೆಲ್ಲಗೆ ಮುಂದೆ ನೂಕಿದರು.

“ನಡಿ, ಆಡಹೋಗು.”

ಆಮೇಲೆ ಅವರ ಕೈ ಅಲ್ಲೇ ನಿಂತುಬಿಟ್ಟಿತು. ನನ್ನ ಕಣ್ಣಿಗೆ ಡಬ್ಬಿಯೂ ಕಾಣಲಿಲ್ಲ, ಉಂಡಿಯೂ ಕಾಣಲಿಲ್ಲ. ಬಾವಿಯ ಕಟ್ಟೆಯ ಕಡೆ ನೋಡಿದರೆ ಮೈದುನನ ತೊಡೆಯ ಮೇಲೆ ಕಾಗದ, ಅವನ ಪೆನ್ಸಿಲ್ ಬರೆದು ಮುಗಿಸಿ ಆಗಲೇ ನಿಂತಿತ್ತು.

ನಾನು ಡಬ್ಬಿ ಬಿಟ್ಟು ಎದ್ದೆ. ಇಷ್ಟು ವರ್ಷ ಪೆನ್ಸಿಲ್ ಕಂಡರೆ ಓಡುತ್ತಿದ್ದವರು. ಸೆರಗಿಲ್ಲದ ತಲೆಯನ್ನು ಮಗ ಬರೆದುಬಿಟ್ಟನೆಂದು ತಿಳಿದರೆ, ಅದೂ ಹಬ್ಬದ ದಿನ! ಅವನು ಮಾತ್ರ ಬಚ್ಚಿಡಲಿಲ್ಲ. ಎದ್ದು ಬಂದು ಕಾಗದವನ್ನು ಅವರ ತೊಡೆಯ ಮೇಲಿಟ್ಟು, ಅಪರಾಧಿಯಂತೆ ನಿಂತ.

ನಾನೂ ಬಗ್ಗಿ ನೋಡಿದೆ. ರೈಲಿನ ನಡುಕ ಆ ಗೆರೆಗಳಲ್ಲಿ ಇರಲಿಲ್ಲ. ಪಾವಟಿಗೆಯ ಮೇಲೆ ಒಬ್ಬ ಮುದುಕಿ. ಬಗ್ಗಿದ ಬೋಳು ತಲೆ, ಬಿಗಿದ ತುಟಿ, ಎತ್ತಿ ಹಿಡಿದ ಎರಡು ಕೈ. ಆ ಕೈಗಳ ಕೆಳಗೆ, ಮೊಣಕಾಲುಗಳ ನಡುವೆ, ಒಂದು ಗೆರೆಯೂ ಇಲ್ಲ. ಅಲ್ಲಿ ಕಾಗದ ಹಾಗೇ ಬಿಳಿದಾಗಿತ್ತು.

“ನಾ ಕಂಡದ್ದಷ್ಟ ಬರದೇನಿ ಅವ್ವಾ” ಎಂದ. “ಅಕಿನ್ನ ಬರಿಯೂದು ನನ್ನ ಕಡೆ ಆಗಲಿಲ್ಲ.”

ಅತ್ತೆಯವರು ಚಿತ್ರದೊಳಗಿನ ತಮ್ಮ ತಲೆಯನ್ನು ನೋಡಲೇ ಇಲ್ಲ. ಬಿಳಿದಾಗಿ ಉಳಿದ ಆ ಜಾಗದ ಮೇಲೆ ಬೆರಳಿಟ್ಟರು.

“ಕೂತಾಳಲ್ಲೋ. ಇಲ್ಲೇ ಕೂತಾಳ.”

“ಮಾರಿ ಇಲ್ಲವ್ವಾ.”

“ಹುಚ್ಚಾ, ಮಾರಿ ಹೆಂಗ ಕಾಣಬೇಕೋ? ಹೆರಳು ಹಾಕೂವಾಗ ಕೂಸು ತಾಯಿಗೆ ಬೆನ್ನು ಕೊಟ್ಟ ಕೂತಿರತದ.” ಅವರು ಕಾಗದದಿಂದ ಬೆರಳು ತೆಗೆಯಲಿಲ್ಲ. “ನಾ ಮರತಿಲ್ಲೋ ತಮ್ಮಾ. ಅಕಿ ಆ ಕಡೆ ಮಾರಿ ಮಾಡಿ ಕೂತಾಳ, ಅಷ್ಟ.”

ಮೈದುನ ಅವರ ಕೆಳಗಿನ ಪಾವಟಿಗೆಯ ಮೇಲೆ ಕೂತು ಅವರ ಮೊಣಕಾಲಿಗೆ ತಲೆ ಹಚ್ಚಿದ. ಅವರ ಒಂದು ಕೈ ಕಾಗದದ ಮೇಲಿತ್ತು, ಇನ್ನೊಂದು ಕೈ ಅವನ ತಲೆಯ ಮೇಲೆ ಬಂತು.

ಅಷ್ಟರಲ್ಲಿ ಮುಂಬಾಗಿಲಲ್ಲಿ ನನ್ನ ತಮ್ಮನ ದನಿ ಕೇಳಿತು. “ಅಕ್ಕಾ, ತಯಾರಾದ್ಯಾ? ಗಾಡಿ ತಪ್ಪತದ, ನಡಿ ನಡಿ!” ನಾನು ಕಣ್ಣೊರೆಸಿಕೊಂಡು ಹೊರಗೆ ಹೋದೆ.

“ನಾಳೆ ಹೋಗೂಣಪಾ” ಎಂದೆ. “ಇವತ್ತ ಮನಿಗೆ ನಮ್ಮ ನಾದಿನಿ ಬಂದಾಳ.”